ಹಾಳೆಯ ಹಿಂಬದಿ ಇನ್ನು ಮುಂದೆ ಖಾಲಿ

ಪ್ರಿಯ ಚಂದಾದಾರರೇ, ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಕಿನ ನಮ್ಮ ಇಂಗ್ಲಿಷ್ ಕಲಿಕೆಯ ಹಾಳೆ ಕೈಗೆ ಬಂದ ಕೂಡಲೇ ನೀವು ಅದನ್ನು ತಿರುಗಿಸಿ ನೋಡುತ್ತೀರಿ. ಅದು ನಮಗೆ ಗೊತ್ತು. ಹಿಂಬದಿಯಲ್ಲಿ ಕನ್ನಡ ಅನುವಾದ ಇರುವುದಿಲ್ಲ. ಗೆರೆ ಎಳೆದ ಖಾಲಿ ಜಾಗ ಇರುತ್ತದೆ, ಅಷ್ಟೇ. ಪ್ರೆಸ್‌ನಲ್ಲಿ ಏನೋ ಎಡವಟ್ಟಾಗಿದೆ ಅಂದುಕೊಳ್ಳಬೇಡಿ. ಬೇಕೆಂದೇ ಹಾಗೆ ಮಾಡಿದ್ದೇವೆ. ಯಾಕೆ ಅಂತ ಹೇಳಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೆ ಕನ್ನಡದಲ್ಲೇ ಇದೆಯಲ್ಲ, ಓದಿಬಿಡಿ.

ನಾಲ್ಕು ವರ್ಷದಿಂದ ಹದಿನೈದು ದಿನಕ್ಕೊಂದು ಹಾಳೆ ಕಳಿಸುತ್ತಿದ್ದೇವೆ. ಮುಂದುಗಡೆ ಒಂದು ಇಂಗ್ಲಿಷ್ ಲೇಖನ. ಹಿಂದುಗಡೆ ಅದರ ಸಾಲು ಸಾಲಿನ ಕನ್ನಡ. ಕೆಳಗೆ ಮೂವತ್ತು ಪದಗಳ ಪಟ್ಟಿ, ಹತ್ತು ಬಿಟ್ಟ ಸ್ಥಳ. ನೋಡಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸಬೇಕು ಅಂತ ಹಾಳೆಯ ತುಂಬ ತುಂಬಿಸುತ್ತಿದ್ದೆವು. ಅದೇ ನಮ್ಮ ತಪ್ಪು.

ಕಳೆದ ದೀಪಾವಳಿ ಕಳೆದ ಮೇಲೆ ನಮ್ಮಲ್ಲಿ ಇಬ್ಬರು ದಾವಣಗೆರೆಯ ಒಂದಷ್ಟು ಚಂದಾದಾರರ ಮನೆಗೆ, ಅಂಗಡಿಗೆ ಹೋದರು. ಪಾಠ ಮಾಡಲು ಅಲ್ಲ. ಸುಮ್ನೆ ಪಕ್ಕದಲ್ಲಿ ಕೂತು, ನೀವು ಹಾಳೆಯನ್ನು ಹೇಗೆ ಓದುತ್ತೀರಿ ಅಂತ ನೋಡಲು. ಮನೆಯಲ್ಲೇ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಅಕ್ಕ ಒಬ್ಬರು ಹಾಳೆ ತೆಗೆದುಕೊಂಡವರೇ ಹಿಂದಕ್ಕೆ ತಿರುಗಿಸಿದರು. ಪೂರ್ತಿ ಓದಿದರು. ಮಡಚಿ ಕಪಾಟಿನ ಮೇಲೆ ಇಟ್ಟರು. ಇಂಗ್ಲಿಷ್ ಕಡೆ ನೋಡಲೇ ಇಲ್ಲವಲ್ಲ ಅಂದರೆ, "ವಿಷ್ಯ ಗೊತ್ತಾಯ್ತಲ್ರೀ, ಮತ್ತ್ಯಾಕೆ ಅದನ್ನ ಓದೋದು?" ಅಂದರು.

ಹೌದಲ್ವಾ! ಆ ಹಾಳೆ ಅಂಟಾರ್ಕ್ಟಿಕಾದ ಪೆಂಗ್ವಿನ್ ಬಗ್ಗೆ ಇತ್ತು. ಅಂದರೆ ಅವರಿಗೆ ನಾವು ಇಂಗ್ಲಿಷ್ ಕಲಿಸಿರಲಿಲ್ಲ. ಪೆಂಗ್ವಿನ್ ಬಗ್ಗೆ ಕನ್ನಡದಲ್ಲಿ ಹೇಳಿ ಇಪ್ಪತ್ತು ರೂಪಾಯಿ ತೆಗೆದುಕೊಂಡಿದ್ದೆವು.

ಅಲ್ಲಿಂದ ಬಂದ ಮೇಲೆ ಇನ್ನೊಂದು ಪರೀಕ್ಷೆ ಮಾಡಿದೆವು, ನಿಮ್ಮದಲ್ಲ, ನಮ್ಮದು. ಹಳೆಯ ಒಂದು ಹಾಳೆಯನ್ನು ಮೂವರಿಗೆ ಕೊಟ್ಟು, ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ ಅಂದೆವು. ಲೇಖನದಲ್ಲಿ 320 ಪದ ಇದ್ದವು. ಮೂವರಲ್ಲಿ ಎಲ್ಲರಿಗಿಂತ ಕಡಿಮೆ ಗೆರೆ ಎಳೆದವರೇ 38 ಪದಕ್ಕೆ ಎಳೆದಿದ್ದರು. ಎಂಟು ಪದಕ್ಕೊಂದು ಗೊತ್ತಿಲ್ಲದ ಪದ! ಎಂಟು ಹೆಜ್ಜೆಗೊಂದು ಗುಂಡಿ ಇರುವ ರಸ್ತೆಯಲ್ಲಿ ಯಾರು ನಡೆಯುತ್ತಾರೆ? ಪದಗಳ ಕಲಿಕೆಯನ್ನೇ ಜೀವನಪೂರ್ತಿ ಅಭ್ಯಾಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಶನ್ ಮತ್ತು ಅವರ ಜೊತೆಗಾರರೊಬ್ಬರು 2000ನೇ ಇಸವಿಯಲ್ಲಿ ಒಂದು ಲೆಕ್ಕ ಕೊಟ್ಟರು. ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಿ ಅರ್ಥ ಮಾಡಿಕೊಳ್ಳಬೇಕಾದರೆ ನೂರಕ್ಕೆ 98 ಪದ ಮೊದಲೇ ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಒಂದು ಹೊಸ ಪದ.

ಹಾಗಾಗಿ ಹೊಸ ಹಾಳೆಯಲ್ಲಿ ಒಂದು ಬರಹಕ್ಕೆ 150 ಪದ, ಅದರಲ್ಲಿ ಹೊಸದು ಮೂರು. ಆ ಮೂರಕ್ಕೆ ಪಕ್ಕದ ಅಂಚಿನಲ್ಲಿ ಕನ್ನಡ ಅರ್ಥ ಇರುತ್ತದೆ. ಇಂಥ ಎರಡು ಬರಹ ಒಂದು ಹಾಳೆಯಲ್ಲಿ. ಪೂರ್ತಿ ಬರಹದ ಕನ್ನಡ ಸಾರಾಂಶ ಬರುತ್ತದೆ, ಆದರೆ ಹದಿನೈದು ದಿನ ಬಿಟ್ಟು ಮುಂದಿನ ಹಾಳೆಯ ಮೂಲೆಯಲ್ಲಿ. ನೀವು ಅರ್ಥ ಮಾಡಿಕೊಂಡಿದ್ದು ಸರಿಯೋ ತಪ್ಪೋ ಅಂತ ಆಗ ನೋಡಿಕೊಳ್ಳಿ.

ಸಾಲು ಸಾಲಿನ ಅನುವಾದ ತೆಗೆಯಲು ಇನ್ನೊಂದು ಕಾರಣ ಇದೆ. ಮಾತ್ರೆ ಚೀಟಿಯ ಒಂದು ಸಾಲು ನೋಡಿ: 'ಟೇಕ್ ಒನ್ ಟ್ಯಾಬ್ಲೆಟ್ ಆಫ್ಟರ್ ಫುಡ್'. ಕನ್ನಡದಲ್ಲಿ 'ಊಟದ ನಂತರ ಒಂದು ಮಾತ್ರೆ ತೆಗೆದುಕೊಳ್ಳಿ'. ಸರಿಯಾಗಿ ನೋಡಿದರೆ ಇಂಗ್ಲಿಷ್ ಸಾಲನ್ನು ಬಾಲದಿಂದ ಓದಿದ ಹಾಗಿದೆ. ಅವರ ಮೊದಲ ಪದ ನಮ್ಮ ಕೊನೆಯ ಪದ. ಪಕ್ಕದಲ್ಲಿ ಕನ್ನಡ ಇಟ್ಟುಕೊಂಡು ಪದಕ್ಕೆ ಪದ ಹೊಂದಿಸುತ್ತಾ ಹೋದರೆ ಕಣ್ಣು ಹಿಂದಕ್ಕೂ ಮುಂದಕ್ಕೂ ಓಡಾಡಿ ಸುಸ್ತಾಗುತ್ತದೆ. ನೀವು ಇಂಗ್ಲಿಷನ್ನು ಅದರ ದಾರಿಯಲ್ಲೇ, ಎಡದಿಂದ ಬಲಕ್ಕೆ, ನಿಲ್ಲದೆ ಓದುವುದು ಅಭ್ಯಾಸವಾಗಬೇಕು. ಅದಕ್ಕೆ ಸಾಲು ಚಿಕ್ಕದಿರಬೇಕು, ವಿಷಯ ಗೊತ್ತಿರುವುದಾಗಿರಬೇಕು.

ವಿಷಯದ ಮಾತು ಬಂತು. ಪೆಂಗ್ವಿನ್ ಹೋಯಿತು. ಐಫೆಲ್ ಟವರ್ ಹೋಯಿತು. ಜ್ವಾಲಾಮುಖಿಯೂ ಹೋಯಿತು. ನಮ್ಮ ನಿವೃತ್ತ ಮೇಷ್ಟ್ರಿಗೆ ಜ್ವಾಲಾಮುಖಿ ಅಂದರೆ ಬಹಳ ಇಷ್ಟ, ಅವರು ಇನ್ನೂ ಸ್ವಲ್ಪ ಮುನಿಸಿಕೊಂಡಿದ್ದಾರೆ. ಇನ್ನು ಮೇಲೆ ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಜೇಬಿನಲ್ಲಿ ಈಗಾಗಲೇ ಇರುವ ಇಂಗ್ಲಿಷ್. ಪೊಟ್ಟಣದ ಮೇಲಿನ ಬರಹ, ಬಸ್ಸು ರೈಲಿನ ವೇಳಾಪಟ್ಟಿ, ಕರೆಂಟ್ ಬಿಲ್, ಬ್ಯಾಂಕಿನ ಮೆಸೇಜು, ಮಕ್ಕಳ ಶಾಲೆಯ ಡೈರಿ, ಹವಾಮಾನ ಸುದ್ದಿ.

ಇದರಲ್ಲಿ ಎಷ್ಟು ಕಲಿಯುವುದಿದೆ ಅಂತ ನಮಗೂ ಗೊತ್ತಿರಲಿಲ್ಲ. ಕೆಮ್ಮಿನ ಔಷಧಿ ಬಾಟಲಿ ತೆಗೆದುಕೊಳ್ಳಿ. 'ಶೇಕ್ ವೆಲ್ ಬಿಫೋರ್ ಯೂಸ್' ಅಂತ ಇರುತ್ತದೆ. ಫ್ಯಾನ್ಸಿ ಸ್ಟೋರ್ ಇಟ್ಟಿರುವ ನಮ್ಮ ಚಂದಾದಾರರೊಬ್ಬರು ಇದನ್ನು ಓದಿ, "ವೆಲ್ ಅಂದ್ರೆ ಬಾವಿ ಅಲ್ವಾ ಸರ್, ಔಷಧಿಗೂ ಬಾವಿಗೂ ಏನು ಸಂಬಂಧ?" ಅಂತ ಕೇಳಿದರು. ಶಾಲೆಯಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಬಾಯಿಪಾಠ ಮಾಡಿಸಿದರೆ ಹೀಗೇ ಆಗುವುದು. ಅದೇ ಬಾಟಲಿಯ ಮೇಲೆ 'ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್' ಅಂತಲೂ ಇರುತ್ತದೆ. ರೀಚ್ ಗೊತ್ತಿಲ್ಲ ಅಂದರು. "ಊರಿಗೆ ಹೋದ ಮಗಳಿಗೆ ಫೋನ್ ಮಾಡಿ ಏನು ಕೇಳ್ತೀರಿ?" ಅಂದೆವು. "ರೀಚ್ ಆದ್ಯಾ ಅಂತ ಕೇಳ್ತೀನಿ" ಅಂದವರು ತಾವೇ ನಕ್ಕರು. ಪದ ಅವರ ಬಾಯಲ್ಲೇ ಇತ್ತು. ತಲುಪುವುದು ಅನ್ನುವುದು ಗೊತ್ತಿದ್ದರೆ, ಮಕ್ಕಳ ಕೈ ತಲುಪದ ಕಡೆ ಇಡಿ ಅಂತ ಹೇಳುತ್ತಿದ್ದಾರೆ ಅಂತ ಊಹಿಸುವುದು ಕಷ್ಟವಲ್ಲ.

ಇನ್ನೊಂದು ಕಥೆ ಹೇಳದಿದ್ದರೆ ಆಗುವುದಿಲ್ಲ. ನಮ್ಮ ಚಂದಾದಾರರಲ್ಲಿ ಒಬ್ಬರು ಲೈನ್‌ಮನ್. ಫೋನ್ ಮಾಡಿದಾಗ ಆ ಕಡೆಯಿಂದ 'ಕರೆಂಟ್ಲಿ ಸ್ವಿಚ್ಡ್ ಆಫ್' ಅಂತ ಹೆಣ್ಣು ದನಿ ಹೇಳುತ್ತದಲ್ಲ, ಅದನ್ನು ಅವರು ಇಷ್ಟು ವರ್ಷ ಆ ಮನೆಯಲ್ಲಿ ಕರೆಂಟ್ ಹೋಗಿ ಫೋನ್ ಆಫ್ ಆಗಿದೆ ಅಂತಲೇ ತಿಳಿದಿದ್ದರಂತೆ. ಕಂಬ ಹತ್ತುವವರು, ಅವರಿಗೆ ಹಾಗೆ ಅನ್ನಿಸಿದ್ದು ಸಹಜವೇ. ಆಮೇಲೆ ಬ್ಯಾಂಕಿನ ಕರೆಂಟ್ ಅಕೌಂಟ್ ಬಂತು. ಕನ್ನಡದಲ್ಲಿ ಅದಕ್ಕೆ ಚಾಲ್ತಿ ಖಾತೆ ಅನ್ನುತ್ತೇವೆ. ಹೊಳೆಯ ಸೆಳೆತಕ್ಕೂ ಇಂಗ್ಲಿಷ್‌ನಲ್ಲಿ ಕರೆಂಟ್ ಅಂತಲೇ ಹೆಸರು. ತಂತಿಯಲ್ಲಿ ಹರಿಯುವುದು, ಹೊಳೆಯಲ್ಲಿ ಹರಿಯುವುದು, ಬ್ಯಾಂಕಿನಲ್ಲಿ ಚಾಲ್ತಿಯಲ್ಲಿರುವುದು, ಫೋನಿನಲ್ಲಿ 'ಸದ್ಯಕ್ಕೆ' ಅನ್ನುವುದು, ಎಲ್ಲದರ ಒಳಗೂ ಹರಿಯುವ, ನಡೆಯುತ್ತಿರುವ ಅನ್ನುವ ಅರ್ಥ ಇದೆ. ಪಟ್ಟಿ ಮಾಡಿ ಕೊಟ್ಟಿದ್ದರೆ ನಾಲ್ಕು ಅರ್ಥವನ್ನೂ ಅವರು ಮರೆಯುತ್ತಿದ್ದರು. ಬಿಲ್ಲು, ಪಾಸ್‌ಬುಕ್ಕು, ಹೊಳೆ ಸುದ್ದಿ, ಫೋನು ಅಂತ ನಾಲ್ಕು ಕಡೆ ಒಂದೇ ಪದ ಎದುರಾಗಿದ್ದರಿಂದ ಅದು ಕೂತುಬಿಟ್ಟಿತು. ಈಗ ಅವರೇ ಬೇರೆಯವರಿಗೆ ಹೇಳಿಕೊಡುತ್ತಿದ್ದಾರೆ.

ಹೀಗೆ ಒಂದೇ ಪದ ಮತ್ತೆ ಮತ್ತೆ ಸಿಗಲಿ ಅಂತ ಇನ್ನು ಮೇಲೆ ಒಂದು ವಿಷಯಕ್ಕೆ ನಾಲ್ಕು ಹಾಳೆ, ಅಂದರೆ ಎರಡು ತಿಂಗಳು. ವರ್ಷಕ್ಕೆ 24 ಹಾಳೆ, ಆರು ವಿಷಯ. "ಒಂದೇ ವಿಷಯ ಎರಡು ತಿಂಗಳು ಬೇಜಾರಾಗಲ್ವಾ?" ಅಂತ ನಮ್ಮಲ್ಲೇ ಜಗಳವಾಯಿತು. ಮೊದಲ ಹಾಳೆಯಲ್ಲಿ ತಡವರಿಸಿದ ಪದ ನಾಲ್ಕನೆಯದರಲ್ಲಿ ಸಲೀಸಾಗಿ ಹೋಗುವುದನ್ನು ಕಂಡ ಮೇಲೆ ಜಗಳ ನಿಂತಿತು.

ಬಿಟ್ಟ ಸ್ಥಳ ತುಂಬುವುದನ್ನೂ ತೆಗೆದಿದ್ದೇವೆ. ಅದರ ಬದಲು ಒಂದೋ ಎರಡೋ ಕೆಲಸ ಕೊಡುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಹುಬ್ಬಳ್ಳಿಯಲ್ಲಿ ಇರಬೇಕಾದರೆ ಈ ವೇಳಾಪಟ್ಟಿಯಲ್ಲಿ ಯಾವ ಬಂಡಿ ಹಿಡಿಯಬೇಕು? ಈ ಬಿಸ್ಕತ್ತು ಇವತ್ತು ತಿನ್ನಬಹುದೋ ಬೇಡವೋ? ಇದು ನಮ್ಮ ಕಲ್ಪನೆಯೇನಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಬೆಂಗಳೂರಿನಲ್ಲಿ ಇಂಥದೇ ಪ್ರಯೋಗ ನಡೆಸಿದರು. ಬೆಂಗಳೂರು ಪ್ರಾಜೆಕ್ಟ್ ಅಂತಲೇ ಅದು ಹೊರದೇಶದಲ್ಲೂ ಹೆಸರಾಯಿತು. ಮಕ್ಕಳಿಗೆ ವ್ಯಾಕರಣ ಹೇಳುವ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಲೆಕ್ಕ ಬಿಡಿಸಲು ಹೇಳುತ್ತಿದ್ದರು. ಮನಸ್ಸು ಉತ್ತರ ಹುಡುಕುವುದರಲ್ಲಿ ಇದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಅನ್ನುವುದು ಅವರ ವಾದ. ನಮ್ಮ ಬೆಂಗಳೂರಿನಿಂದಲೇ ಹೋದ ವಿದ್ಯೆ ನಮಗೇ ತಡವಾಗಿ ಸಿಕ್ಕಿತು ನೋಡಿ.

ಈ ಬದಲಾವಣೆಗೆ ನಮ್ಮನ್ನು ಒಪ್ಪಿಸಿದ ಇನ್ನೊಂದು ಮಾತಿದೆ. ಎಲ್‌ಐಸಿ ಪಾಲಿಸಿ ಮಾಡಿಸಿದವರಿಗೆ ಸರೆಂಡರ್ ವ್ಯಾಲ್ಯೂ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಂತು ಕಟ್ಟುವುದನ್ನು ನಡುವೆ ನಿಲ್ಲಿಸಿದರೆ ಕೈಗೆ ಎಷ್ಟು ವಾಪಸ್ ಬರುತ್ತದೆ ಅನ್ನುವ ಲೆಕ್ಕ. ಇದೇ ಮಾತನ್ನು ಇಂಗ್ಲಿಷ್ ಕಲಿಕೆಗೆ ತಂದವರು ಮೈಕೆಲ್ ವೆಸ್ಟ್. ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿದ್ದವರು. ಬಂಗಾಳದ ಹೆಚ್ಚಿನ ಮಕ್ಕಳು ಶಾಲೆ ಪೂರ್ತಿ ಮುಗಿಸುವುದೇ ಇಲ್ಲ, ನಡುವೆ ಬಿಟ್ಟ ಹುಡುಗನಿಗೆ ಅಲ್ಲಿಯವರೆಗೆ ಕಲಿತದ್ದರಿಂದ ಏನು ಉಳಿಯುತ್ತದೆ ಅಂತ 1926ರ ಪುಸ್ತಕದಲ್ಲಿ ಕೇಳಿದರು. ಬೇಗ ಕೈಗೆ ಹತ್ತುವುದು, ಬಿಟ್ಟ ಮೇಲೂ ಉಪಯೋಗಕ್ಕೆ ಬರುವುದು ಓದು ಅಂತ ಅವರ ಲೆಕ್ಕ. ಅದಕ್ಕೇ ಅಪರೂಪದ ಪದ ತೆಗೆದು, ಬಳಕೆಯ ಪದ ಹಾಕಿ, ಹೊಸ ಪದಗಳ ನಡುವೆ ಜಾಗ ಬಿಟ್ಟು ಓದುವ ಪುಸ್ತಕಗಳನ್ನು ಬರೆದರು. 1953ರಲ್ಲಿ ಸುಮಾರು 2000 ಪದಗಳ ಒಂದು ಪಟ್ಟಿಯನ್ನೂ ಹೊರತಂದರು. ನಮ್ಮ ಹೊಸ ಹಾಳೆಗಳಿಗೆ ಅದೇ ಬುನಾದಿ. ಮೊಬೈಲ್ ಬರುವ ಮೊದಲಿನ ಪಟ್ಟಿ ಅದು, ಹಾಗಾಗಿ ರೀಚಾರ್ಜ್‌ನಂಥ ಪದ ನಾವೇ ಸೇರಿಸಿಕೊಂಡಿದ್ದೇವೆ.

ಈ ಲೆಕ್ಕದಲ್ಲಿ ನಮ್ಮ ಹಳೆಯ ಹಾಳೆ ನೋಡಿದರೆ ನಾಚಿಕೆಯಾಗುತ್ತದೆ. ಮೂರು ತಿಂಗಳು ಓದಿ ಬಿಟ್ಟವರ ಕೈಯಲ್ಲಿ ಏನು ಉಳಿಯುತ್ತಿತ್ತು? ಪೆಂಗ್ವಿನ್. ಈಗ ಎರಡೇ ತಿಂಗಳು ಓದಿ ಬಿಟ್ಟರೂ ಪೊಟ್ಟಣದ ಮೇಲೆ 'ಬೆಸ್ಟ್ ಬಿಫೋರ್' ಅಂದರೆ ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಅಂತ, 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಅಂದರೆ ಅದು ದಾಟಿದ ಮೇಲೆ ಬಾಯಿಗೆ ಹಾಕಬಾರದು ಅಂತ ಗೊತ್ತಿರುತ್ತದೆ. ಮಾತ್ರೆ ಪಟ್ಟಿಯ ಎಡಗಡೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ ಅಂತಲೂ ಗೊತ್ತಿರುತ್ತದೆ.

ಓದುವುದರ ಜೊತೆ ಕೇಳುವುದಕ್ಕೂ ಒಂದು ಏರ್ಪಾಡು ಮಾಡಿದ್ದೇವೆ. ಪ್ರತಿ ಬರಹವನ್ನೂ ನಿಧಾನವಾಗಿ ಓದಿ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ವಾಯ್ಸ್ ಆಫ್ ಅಮೆರಿಕಾ ರೇಡಿಯೋದವರು 1959ರಲ್ಲಿ ಕಲಿಯುವವರಿಗಾಗಿ ಸುಮಾರು 1500 ಪದಗಳಲ್ಲೇ ಸುದ್ದಿ ಹೇಳಲು ಶುರು ಮಾಡಿದರು. ಮಾಮೂಲಿ ವೇಗದ ಮೂರರಲ್ಲಿ ಎರಡು ಪಾಲು ವೇಗದಲ್ಲಿ, ಚಿಕ್ಕ ಚಿಕ್ಕ ಸಾಲುಗಳಲ್ಲಿ. ನಾವೂ ಆ ವೇಗ ಇಟ್ಟುಕೊಂಡಿದ್ದೇವೆ. ಓದುವವರು ನಮ್ಮ ಮೇಷ್ಟ್ರೇ. ಉಚ್ಚಾರಣೆ ದಾವಣಗೆರೆಯದು, ಲಂಡನ್ನಿನದಲ್ಲ. ನಿಮಗೆ ಅರ್ಥವಾದರೆ ಸಾಕು.

ಹತ್ತನೇ ಕ್ಲಾಸಿನ ಮಕ್ಕಳಿಗಾಗಿ ಹಾಳೆ ತರಿಸುವವರಿಗೆ ಒಂದು ಮಾತು. ಪರೀಕ್ಷೆಯ ಪ್ರಶ್ನೋತ್ತರ ಇನ್ನು ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಗೈಡ್‌ಗಳು ಬೇಕಾದಷ್ಟಿವೆ. ಓದಿನ ಭಯ ಹೋಗಲಿ ಅಂತಿದ್ದರೆ ಹಾಳೆ ತರಿಸಿ, ಅಂಕಕ್ಕಾಗಿ ಮಾತ್ರ ಆದರೆ ಬೇಡ.

ಹಿಂಬದಿಯ ಖಾಲಿ ಜಾಗ ಯಾಕೆ ಅಂತ ಇನ್ನೂ ಹೇಳಿಲ್ಲ. ಅಲ್ಲಿ ನೀವು ಬರೆಯಬೇಕು. ಆ ಹದಿನೈದು ದಿನದಲ್ಲಿ ಅಂಗಡಿ ಬೋರ್ಡಿನಲ್ಲಿ, ಪೊಟ್ಟಣದ ಮೇಲೆ, ಫೋನಿನಲ್ಲಿ ಕಂಡ ಯಾವುದಾದರೂ ಇಂಗ್ಲಿಷ್ ಸಾಲನ್ನು ಹಾಗೇ ಇಳಿಸಿಕೊಳ್ಳಿ. ಅರ್ಥವಾಗದಿದ್ದರೆ ಫೋಟೋ ತೆಗೆದು ಕಳಿಸಿ. ಮುಂದಿನ ಬರಹಗಳನ್ನು ಅದರಿಂದಲೇ ಮಾಡುತ್ತೇವೆ. ಬ್ಯಾಂಕ್ ಮೆಸೇಜಾದರೆ ಖಾತೆ ನಂಬರು, ಓಟಿಪಿ ಮಾತ್ರ ಮುಚ್ಚಿ. ಇದನ್ನು ದಯವಿಟ್ಟು ಮರೆಯಬೇಡಿ.

ದುಡ್ಡಿನ ವಿಷಯ. ಚಂದಾ ಏರಿಸಿಲ್ಲ. ವರ್ಷಕ್ಕೆ 480 ರೂಪಾಯಿ, ಅಂಚೆ ಖರ್ಚು ಸೇರಿ. ಹಿಂಬದಿ ಖಾಲಿ ಬಿಟ್ಟು ದುಡ್ಡು ಉಳಿಸುತ್ತಿದ್ದಾರೆ ಅನ್ನುವವರಿಗೆ: ಶಾಯಿಯಲ್ಲಿ ಸ್ವಲ್ಪ ಉಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ 150 ಪದದಲ್ಲಿ ಸುಲಭವಾಗಿ ಬರೆಯುವುದಕ್ಕೆ 300 ಪದದಲ್ಲಿ ಕಷ್ಟವಾಗಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಬೇಕು. ಒಂದೊಂದು ಬರಹವನ್ನೂ ಮೂವರಿಗೆ ಪೆನ್ಸಿಲ್ ಕೊಟ್ಟು ಓದಿಸಿ, ಗೆರೆ ಜಾಸ್ತಿ ಬಿದ್ದರೆ ಮತ್ತೆ ಬರೆಯುತ್ತೇವೆ. ಮೊದಲನೆಯದನ್ನು ಐದು ಸಲ ಬರೆದೆವು.

ಈ ಬದಲಾವಣೆ ಹಿಡಿಸದಿದ್ದರೆ ಇದೇ ತಿಂಗಳ 20ರೊಳಗೆ ಹಾಳೆಯ ಮೇಲಿರುವ ನಂಬರಿಗೆ ಒಂದು ಮೆಸೇಜು ಹಾಕಿ. ಉಳಿದ ಹಾಳೆ ಎಷ್ಟೋ ಅಷ್ಟಕ್ಕೆ, ಹಾಳೆಗೆ 20 ರೂಪಾಯಿ ಲೆಕ್ಕದಲ್ಲಿ ವಾಪಸ್ ಹಾಕುತ್ತೇವೆ. ಕಾರಣ ಕೇಳುವುದಿಲ್ಲ. ಕೇಳದಿದ್ದರೂ ಹೇಳಿದರೆ ನಮಗೆ ಉಪಕಾರ.

1ನೇ ತಾರೀಕಿನ ಹಾಳೆ ಶ್ಯಾಂಪೂ ಸ್ಯಾಶೆ ಹಿಂದಿನ ಬರಹದ ಮೇಲೆ. ಬಚ್ಚಲಲ್ಲಿ ಒಂದು ಬಿದ್ದಿದ್ದರೆ ಎಸೆಯಬೇಡಿ, ತೊಳೆದು ಇಟ್ಟುಕೊಂಡಿರಿ. ಬೇಕಾಗುತ್ತದೆ.

ಇಂತಿ,
ನಿಮ್ಮ ಹಾಳೆಯವರು
ದಾವಣಗೆರೆ