ಮೂರು ಪೆನ್ಸಿಗೆ ಇಬ್ಬರು ಹೆಂಗಸರು

ಪುಟ್ಟಿ,

ಗಟ್ಟಿಗಿತ್ತಿ ಅಂದ ಕೂಡಲೇ ನಮಗೆ ಕತ್ತಿ, ಕುದುರೆ, ಒನಕೆ ನೆನಪಾಗುತ್ತವೆ. ಲಂಡನ್ನಿನಲ್ಲಿ ವೋಟಿಗಾಗಿ ಹಟ ಹಿಡಿದು ಕೂತ ಹೆಂಗಸರು ರೂಲ್ಸ್ ಪುಸ್ತಕವನ್ನೇ ಒನಕೆ ಮಾಡಿಕೊಂಡಿದ್ದರು.

ಬ್ರಿಟನ್ನಿನ ಪ್ರಧಾನಿ ಆಸ್ಕ್ವಿತ್ ಈ ಹೆಂಗಸರನ್ನು ಮಾತಿಗೇ ಕರೆಯುತ್ತಿರಲಿಲ್ಲ. ಆಗಿನ ಬ್ರಿಟಿಷ್ ಅಂಚೆಯ ಎಕ್ಸ್‌ಪ್ರೆಸ್ ಸೇವೆಯಲ್ಲಿ ಮನುಷ್ಯರನ್ನೂ ಪೋಸ್ಟ್ ಮಾಡಬಹುದಿತ್ತು: ಅಂಚೆಯ ಹುಡುಗ ಜೊತೆಗೆ ನಡೆದು ವಿಳಾಸ ಮುಟ್ಟಿಸುತ್ತಿದ್ದ. 1909ರ ಫೆಬ್ರವರಿ 23ರಂದು ಡೈಸಿ ಸಾಲೊಮನ್, ಎಲ್ಸ್‌ಪೆತ್ ಮೆಕ್‌ಕ್ಲೆಲೆಂಡ್ ಅಂಚೆ ಕಚೇರಿಗೆ ಹೋಗಿ, ಮೂರು ಪೆನ್ಸ್ ಕೊಟ್ಟು, ತಮ್ಮನ್ನೇ ಪ್ರಧಾನಿಯ ಮನೆಗೆ, 10, ಡೌನಿಂಗ್ ಸ್ಟ್ರೀಟಿಗೆ ರವಾನಿಸಿಕೊಂಡರು. ಎಲ್ಲ ಸರಿಹೋಗಿ ಎಡವಿದ್ದು ಹೊಸಿಲಲ್ಲಿ. ಬಟವಾಡೆಗೆ ಒಳಗಿನವರ ಸಹಿ ಬೇಕು, ಅವರು ಹಾಕಲಿಲ್ಲ. 'ನೀವು ಡೆಡ್ ಲೆಟರ್‌ಗಳು', ಅಂದರೆ ಬಟವಾಡೆಯಾಗದ ಕಾಗದಗಳು, ಎಂದು ವಾಪಸ್ ಕಳಿಸಿದರು. ಆ ಹುಡುಗ ಹಿಂದಿರುಗಿ ಷರಾ ಏನಂತ ಬರೆಸಿರಬೇಕು, ಯೋಚಿಸು.

ಅದಕ್ಕೆ ವಾರ ಮೊದಲು ಅದೇ ಹೋರಾಟದ ಮ್ಯೂರಿಯಲ್ ಮ್ಯಾಟರ್ಸ್ 80 ಅಡಿ ಉದ್ದದ ವಾಯುನೌಕೆ ಹತ್ತಿದ್ದಳು. ಪಾರ್ಲಿಮೆಂಟಿನ ನೆತ್ತಿಯ ಮೇಲೆ ಸುಮಾರು 25 ಕಿಲೋ ಕರಪತ್ರ ಸುರಿಯುವ ಹಂಚಿಕೆ. ಎಂಜಿನ್ನಿಗೆ ಕಸುವು ಸಾಲದೆ ಗಾಳಿ ಹೇಳಿದ ಕಡೆಗೆ ಹೋಗಿ, ಊರಾಚೆ ಕೌಲ್ಸ್‌ಡನ್‌ನಲ್ಲಿ ಇಳಿದಳು. ಕರಪತ್ರಗಳು ದಾರಿಯುದ್ದಕ್ಕೂ ಲಂಡನ್ನಿನವರ ತಲೆಗೆ ಬಿದ್ದವು.

ಅವಳ ನಿಜವಾದ ಕೈಚಳಕ 1908ರ ಅಕ್ಟೋಬರಿನದು. ಪಾರ್ಲಿಮೆಂಟಿನಲ್ಲಿ ಹೆಂಗಸರ ಗ್ಯಾಲರಿಗೆ ಲೋಹದ ಜಾಲರಿ ಹಾಕಿದ್ದರು. ಗಂಡಸರ ಗಮನ ಹಾಳಾಗಬಾರದಲ್ಲ! ಸಂಗಾತಿ ಹೆಲೆನ್ ಫಾಕ್ಸ್ ಜೊತೆ ಆ ಜಾಲರಿಗೇ ಸರಪಳಿಯಿಂದ ಬೀಗ ಜಡಿದುಕೊಂಡು ಭಾಷಣ ಶುರು ಮಾಡಿದಳು. ಬೀಗ ಬಿಚ್ಚಲಾಗದೆ ಕಾವಲಿನವರು ಜಾಲರಿಯನ್ನೇ ಕಿತ್ತರು, ಅದರ ಸಮೇತ ಇಬ್ಬರನ್ನೂ ಪಕ್ಕದ ಕೋಣೆಗೆ ಸಾಗಿಸಿ ಕಮ್ಮಾರನಿಗೆ ಹೇಳಿಕಳಿಸಿದರು.  ಆ ಜಾಲರಿ ಪೂರ್ತಿಯಾಗಿ ಹೋಗಿದ್ದು ಮಾತ್ರ 1917ರಲ್ಲಿ.

ಇನ್ನು ವೋಟಿಗಾಗಿ ಹೋರಾಡಿದ ಮತ್ತೊಬ್ಬಳು, ಎಮಿಲಿ ಡೇವಿಸನ್. 1911ರ ಏಪ್ರಿಲ್ 2ರ ರಾತ್ರಿ ಜನಗಣತಿ. ಎಲ್ಲಿ ರಾತ್ರಿ ಕಳೆಯುತ್ತೀರೋ ಅದೇ ವಿಳಾಸ ಎಂಬ ನಿಯಮ. ಪಾರ್ಲಿಮೆಂಟ್ ಇರುವ ವೆಸ್ಟ್‌ಮಿನ್‌ಸ್ಟರ್ ಅರಮನೆಯ ನೆಲಮಾಳಿಗೆಯ ಪ್ರಾರ್ಥನಾ ಮಂದಿರದ ಕಪಾಟೊಂದರಲ್ಲಿ ಅಡಗಿ ಕೂತಳು, ಪಾರ್ಲಿಮೆಂಟೇ ತನ್ನ ಮನೆ ಎಂದು ದಾಖಲಾಗಲಿ ಅಂತ. ಬೆಳಿಗ್ಗೆ ಸಿಕ್ಕಿಬಿದ್ದಳು, ದಾಖಲೂ ಆಯಿತು. ಅತ್ತ ಬಾಡಿಗೆ ಮನೆಯೊಡತಿಯೂ ಅವಳ ಹೆಸರು ಬರೆಸಿದ್ದಳು. ವೋಟಿನಲ್ಲಿ ಲೆಕ್ಕಕ್ಕಿಲ್ಲದವಳು ಗಣತಿಯಲ್ಲಿ ಎರಡು ಸಲ ಲೆಕ್ಕಕ್ಕೆ ಸಿಕ್ಕಳು.

ರಜೆಗೆ ಬರಲು ಬಸ್ ಟಿಕೆಟ್ ಈಗಲೇ ಮಾಡಿಸು. ನಮ್ಮ ಅಂಚೆಯಲ್ಲಿ ಆ ಸೌಲಭ್ಯವಿಲ್ಲ.

ನಿನ್ನ
ಅಮ್ಮ