ಗರಗಸದ ದನಿ ಕೇಳಲು ಕಲಿಸಿದವರಿಗೆ

ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಆ ಸಣ್ಣ ಚೈನ್‌ಸಾ ಹಿಡಿದು ನಾನು ಪರದಾಡುತ್ತಿದ್ದಾಗ ನಿಮ್ಮ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತಿರಿ. ಅದಕ್ಕೇ ಈ ನಾಲ್ಕು ಮಾತು.

ಸೈಲೆನ್ಸರ್‌ನ ಬಾಯಿಯನ್ನು ನಾನು ಸ್ವಲ್ಪ ಅಗಲ ಮಾಡಿದ್ದೆ, ಅಷ್ಟೇ. ಹೊಗೆ ಸಲೀಸಾಗಿ ಹೊರಗೆ ಹೋದರೆ ಗಾಳಿಯೂ ಜಾಸ್ತಿ ಒಳಗೆ ಬರುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬೇಕು ಅಂತ ತಿಳಿದಿರಲಿಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಅದು ಕಿರುಚಿದಾಗ ಶಕ್ತಿ ಬಂತು ಅಂದುಕೊಂಡೆ. ನೀವು ತಕ್ಷಣ ಆಫ್ ಮಾಡಿಸಿದಿರಿ. ಟೂ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಸಿಗುವುದೇ ಪೆಟ್ರೋಲ್ ಜೊತೆ ಅಲ್ವಾ? ಅದು ಕಡಿಮೆಯಾದರೆ ಇದೂ ಕಡಿಮೆ. ಪಿಸ್ಟನ್ ಸುಟ್ಟು ಹಿಡಿದುಕೊಳ್ಳುತ್ತದೆ ಅಂದಿರಿ.

ಮೊದಲು ಏರ್ ಫಿಲ್ಟರ್ ಸ್ವಚ್ಛ ಮಾಡಿಸಿದಿರಿ. ಎಂಜಿನ್ ಬಿಸಿಯಾದ ಮೇಲೇ ಪೂರ್ತಿ ವೇಗದಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ‘ಎಚ್’ ಸ್ಕ್ರೂ ಮುಟ್ಟಿದಿರಿ, ಪೆಟ್ರೋಲ್ ಜಾಸ್ತಿಯಾಗಲಿ ಅಂತ ಎಡಕ್ಕೆ ಒಂಚೂರು. ಬರಿದೆ ಓಡುವಾಗ ದನಿ ಸ್ವಲ್ಪ ಒಡೆದ ಹಾಗಿರಬೇಕು, ಕೊಂಬೆಗೆ ಇಟ್ಟ ಕೂಡಲೇ ತಿಳಿಯಾಗಬೇಕು. ಆ ವ್ಯತ್ಯಾಸ ನನ್ನ ಕಿವಿಗೆ ಬೀಳುವ ತನಕ ಮತ್ತೆ ಮತ್ತೆ ಕೇಳಿಸಿದಿರಿ. ಅಷ್ಟು ತಾಳ್ಮೆ ನಾನು ಬೇರೆಲ್ಲೂ ಕಂಡಿಲ್ಲ. ಐಡ್ಲಿಂಗ್‌ನಲ್ಲಿ ಚೈನ್ ತಿರುಗುತ್ತಿತ್ತು, ಅದನ್ನೂ ನಿಲ್ಲಿಸಿಕೊಟ್ಟಿರಿ.

ಹೋಗುವಾಗ, ಟ್ಯಾಂಕ್ ತುಂಬಿಸುವಾಗೆಲ್ಲ ಚೈನ್‌ನ ಪ್ರತಿ ಹಲ್ಲಿಗೆ ಎರಡೆರಡು ಸಲ ಅರ ಎಳಿ ಅಂದಿರಿ. ಈಗ ದಿನವೂ ಹಾಗೇ ಮಾಡುತ್ತೇನೆ. ಪುಡಿಯ ಬದಲು ದಪ್ಪ ಸಿಪ್ಪೆ ಬೀಳುತ್ತದೆ, ಸಂಜೆಗೆ ತೋಳು ನೋಯುವುದಿಲ್ಲ. ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್.