ಫೈಬರ್‌ಗ್ಲಾಸ್ ಬಾನೆಟ್ ಜೋಡಣೆಯಲ್ಲಿ ಆಗಿರುವ ಲೋಪದ ಬಗ್ಗೆ ದೂರು

ಇಂದ
1970ರ ಡಾಡ್ಜ್ ಚಾಲೆಂಜರ್ ಕಾರಿನ ಮಾಲೀಕ,
ನೋವೈ, ಮಿಷಿಗನ್

ಇವರಿಗೆ
ವ್ಯವಸ್ಥಾಪಕರು,
ಕಾರ್ ಬಾಡಿ ಮತ್ತು ಪೇಂಟಿಂಗ್ ವರ್ಕ್‌ಶಾಪ್

ವಿಷಯ: ಹೊಸದಾಗಿ ಹಾಕಿದ ಫೈಬರ್‌ಗ್ಲಾಸ್ ಬಾನೆಟ್ ಬಿರುಕು ಬಿಟ್ಟಿರುವುದು, ಮತ್ತು ಅದಕ್ಕೆ ಪರಿಹಾರ ಕೋರಿ.

ಮಾನ್ಯರೇ,

ಕಳೆದ ಜುಲೈ ತಿಂಗಳ ಕೊನೆಯಲ್ಲಿ ನನ್ನ ಚಾಲೆಂಜರ್ ಕಾರಿಗೆ ನಿಮ್ಮ ವರ್ಕ್‌ಶಾಪಿನಲ್ಲಿ ಫೈಬರ್‌ಗ್ಲಾಸ್ ಬಾನೆಟ್ ಹಾಕಿಸಿದ್ದೆ. ಬಾನೆಟ್‌ಗೆ 780 ಡಾಲರ್, ಜೋಡಣೆಗೆ 460, ಬಣ್ಣಕ್ಕೆ 1,100, ಹೀಗೆ ಒಟ್ಟು 2,340 ಡಾಲರನ್ನು ಕಾರು ಬಿಡಿಸಿಕೊಂಡ ದಿನವೇ ಪಾವತಿಸಿದ್ದೇನೆ. ನಾಲ್ಕು ವಾರ ತುಂಬುವ ಮೊದಲೇ ಆ ಬಾನೆಟ್ ಎಡಗಡೆಯ ಹಿಂಜ್ ಬಳಿ ಬಿರುಕು ಬಿಟ್ಟಿದೆ. ಈ ಬಗ್ಗೆ ಫೋನ್ ಮಾಡಿದಾಗ, ನಾನು ಬಾನೆಟನ್ನು ಜೋರಾಗಿ ಮುಚ್ಚಿದ್ದರಿಂದಲೇ ಹೀಗಾಗಿದೆ, ಆದ್ದರಿಂದ ಹೊಣೆ ನಿಮ್ಮದಲ್ಲ ಎಂಬ ಉತ್ತರ ಬಂತು. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಬಾನೆಟ್ ಬದಲಾಯಿಸಿದವರು ಅದನ್ನು ಎತ್ತಿಹಿಡಿಯುವ ಹಿಂಜ್ ಸ್ಪ್ರಿಂಗ್ ಬದಲಾಯಿಸಲಿಲ್ಲ, ಬಿರುಕಿಗೆ ಅದೇ ಕಾರಣ. ಅದನ್ನು ವಿವರವಾಗಿ ನಿಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಮೊದಲ ದಿನದಿಂದಲೂ ನೀವು ನನ್ನೊಡನೆ ಕನ್ನಡದಲ್ಲೇ ಮಾತನಾಡಿದ್ದರಿಂದ ಪತ್ರವನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನಿಮ್ಮ ಕಚೇರಿಯ ಕಡತಕ್ಕೆಂದು ಇದರ ಇಂಗ್ಲಿಷ್ ಪ್ರತಿಯನ್ನು ಜೊತೆಗಿಟ್ಟಿದ್ದೇನೆ.

ಈ ಕಾರನ್ನು ನಾನು ಒಂಬತ್ತು ವರ್ಷಗಳಿಂದ ಜೋಪಾನ ಮಾಡಿಕೊಂಡು ಬಂದಿದ್ದೇನೆ. ಕಾರ್ಖಾನೆಯವರೇ ಇದಕ್ಕೆ ಕೊಟ್ಟ ವಾಹನ ಗುರುತಿನ ಸಂಖ್ಯೆಯ (ವಿಐಎನ್) ಏಳನೆಯ ಅಕ್ಷರ ‘ಬಿ’, ಅಂದರೆ ಇದು ಡೆಟ್ರಾಯಿಟ್ ಮಗ್ಗುಲಿನ ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿಹೋಯಿತು, ಅಲ್ಲಿ ಹುಟ್ಟಿದ ಕಾರುಗಳು ಮಾತ್ರ ಇನ್ನೂ ಇದೇ ಸುತ್ತಿನ ರಸ್ತೆಗಳಲ್ಲಿ ಓಡುತ್ತಿವೆ. ನನ್ನದರಲ್ಲಿರುವುದು 383 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 6.3 ಲೀಟರಿನ, ಎರಕದ ಕಬ್ಬಿಣದ ವಿ-8 ಎಂಜಿನ್. ಅಷ್ಟು ಭಾರದ ಎಂಜಿನ್ ಮುಂದಿನ ಚಕ್ರಗಳ ಮೇಲೆ ಕೂತಿರುವುದರಿಂದ ತಿರುವಿನಲ್ಲಿ ಕಾರಿನ ಮೂತಿ ನಾವು ತಿರುಗಿಸಿದ ಕಡೆಗೆ ಬಾರದೆ ನೇರಕ್ಕೇ ಎಳೆಯುತ್ತದೆ. ಆ ಭಾರದಲ್ಲಿ ಒಂದಿಷ್ಟನ್ನಾದರೂ ಇಳಿಸಬೇಕೆಂದು, 1970ರ ಚಾಲೆಂಜರ್ ಟಿ/ಎ ಮಾದರಿಯಲ್ಲಿ ಬರುತ್ತಿದ್ದಂಥ, ನಡುವೆ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಗಾಳಿಗೂಡು (ಸ್ಕೂಪ್) ಎದ್ದಿರುವ ಫೈಬರ್‌ಗ್ಲಾಸ್ ಬಾನೆಟನ್ನು ನಿಮ್ಮ ಮೂಲಕವೇ ತರಿಸಿದೆ. ಹಳೆಯ ಉಕ್ಕಿನ ಬಾನೆಟನ್ನು ನಿಮ್ಮ ತಕ್ಕಡಿಯಲ್ಲೇ ತೂಗಿದೆವು. ಅದು 58 ಪೌಂಡ್, ಅಂದರೆ 26 ಕಿಲೋ ಇತ್ತು. ಹೊಸದು 29 ಪೌಂಡ್. ಸರಿಯಾಗಿ ಅರ್ಧಕ್ಕರ್ಧ ಇಳಿದದ್ದನ್ನು ಕಂಡು ಅಂದು ನಾವಿಬ್ಬರೂ ಸಂತೋಷಪಟ್ಟದ್ದು ನಿಮಗೂ ನೆನಪಿರಬಹುದು.

ನನ್ನ ದೂರು ಆ ಅರ್ಧ ತೂಕದಿಂದಲೇ ಹುಟ್ಟಿದ್ದು. ಈ ಕಾರಿನ ಬಾನೆಟ್‌ನ ಎರಡು ಹಿಂಜ್‌ಗಳಲ್ಲೂ ಹೆಬ್ಬೆರಳಿಗಿಂತ ದಪ್ಪನಾದ ಸುರುಳಿ ಸ್ಪ್ರಿಂಗ್ ಇದೆ. ಬಾನೆಟ್ ಎತ್ತಿದಾಗ ಅದು ಕೆಳಗೆ ಬೀಳದೆ ನಿಲ್ಲಲಿ, ಎತ್ತುವವರ ಕೈಗೆ ಭಾರವಾಗದಿರಲಿ ಎಂದು 26 ಕಿಲೋ ಉಕ್ಕಿನ ಲೆಕ್ಕದಲ್ಲಿ ಮಾಡಿದ ಸ್ಪ್ರಿಂಗ್‌ಗಳು ಅವು. ಉಕ್ಕಿನ ಬಾನೆಟ್ ಮುಚ್ಚಿರುವಾಗ ಅದರ ತೂಕ ಕೆಳಕ್ಕೆ ಒತ್ತುತ್ತದೆ, ಸ್ಪ್ರಿಂಗ್ ಮೇಲಕ್ಕೆ ಎಳೆಯುತ್ತದೆ, ಒಂದಕ್ಕೊಂದು ಸರಿಹೋಗುತ್ತದೆ. ಆ ಜಾಗದಲ್ಲಿ 13 ಕಿಲೋ ಫೈಬರ್‌ಗ್ಲಾಸ್ ಇಟ್ಟು ಅದೇ ಸ್ಪ್ರಿಂಗ್ ಬಿಟ್ಟರೆ, ಮುಂದಿನ ಅಂಚನ್ನು ಲಾಕ್ ಹಿಡಿದುಕೊಂಡಿರುತ್ತದೆ, ಹಿಂದಿನ ಎರಡು ಮೂಲೆಗಳನ್ನು ಸ್ಪ್ರಿಂಗ್‌ಗಳು ಹಗಲಿರುಳು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ, ನಡುವಿನ ಹಾಳೆ ಬಿಲ್ಲಿನಂತೆ ಬಾಗುತ್ತದೆ. ಉಕ್ಕು ಬಾಗಿದರೂ ತಾಳಿಕೊಳ್ಳುತ್ತದೆ. ಗಾಜಿನ ನಾರನ್ನು ರೆಸಿನ್‌ನಲ್ಲಿ ಅದ್ದಿ ಅಚ್ಚಿನಲ್ಲಿ ಹಾಸಿ ಗಟ್ಟಿ ಮಾಡಿದ ಹಾಳೆ ಅಷ್ಟು ತಾಳುವುದಿಲ್ಲ. ಹಿಂಜ್‌ನ ಬೋಲ್ಟ್ ಕೂರುವಲ್ಲಿ ಒಳಗೆ ಉಕ್ಕಿನ ಪಟ್ಟಿ ಸೇರಿಸಿರುತ್ತಾರೆ ನಿಜ, ಆದರೆ ಆ ಪಟ್ಟಿ ಮುಗಿಯುವ ಅಂಚಿನಲ್ಲೇ ಬಾಗಿನ ಒತ್ತಡವೆಲ್ಲ ಬಂದು ಸೇರುತ್ತದೆ. ನನ್ನ ಬಾನೆಟ್ ಬಿರಿದಿರುವುದೂ ಅದೇ ಅಂಚಿನಲ್ಲಿ.

ಇದು ನಾನು ಹೊಸದಾಗಿ ಕಂಡುಹಿಡಿದ ವಿಷಯವೇನೂ ಅಲ್ಲ. 1969ರ ನಡುವಿನಲ್ಲಿ ಡಾಡ್ಜ್ ಕಂಪನಿ 440 ಸಿಕ್ಸ್ ಪ್ಯಾಕ್ ಎಂಜಿನಿನ ಸೂಪರ್ ಬೀ ಕಾರಿಗೆ ಫೈಬರ್‌ಗ್ಲಾಸ್ ಬಾನೆಟ್ ಕೊಟ್ಟಾಗ ಹಿಂಜ್‌ಗಳನ್ನೇ ತೆಗೆದುಹಾಕಿತ್ತು. ನಾಲ್ಕು ಮೂಲೆಗೆ ನಾಲ್ಕು ಪಿನ್, ಪಿನ್ ಬಿಚ್ಚಿ ಬಾನೆಟನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಡಬೇಕಿತ್ತು. ಮರುವರ್ಷ ಚಾಲೆಂಜರ್ ಟಿ/ಎ ಬಂದಾಗ ಹಿಂಜ್ ಉಳಿಸಿಕೊಂಡರು, ಆದರೆ ಫೈಬರ್‌ಗ್ಲಾಸಿಗೆ ಹೊಂದುವ ಹಗುರ ಸ್ಪ್ರಿಂಗ್‌ಗಳನ್ನೇ ಹಾಕಿದರು. ಅಂದರೆ ಐವತ್ತು ವರ್ಷಗಳ ಹಿಂದೆ ಕಾರ್ಖಾನೆಯವರಿಗೆ ಗೊತ್ತಿದ್ದ ಮಾತು ಇದು. ನಿಮಗಂತೂ ಇದನ್ನು ಅಚ್ಚು ಹಾಕಿಸಿಯೇ ಕಳಿಸಿದ್ದಾರೆ. ಬಾನೆಟ್ ಬಂದ ಪೆಟ್ಟಿಗೆಯೊಳಗಿನ ಸೂಚನಾ ಹಾಳೆಯ ಮೊದಲ ಪ್ಯಾರಾದಲ್ಲೇ, ಮೂಲ ಉಕ್ಕಿನ ಬಾನೆಟ್‌ನ ಸ್ಪ್ರಿಂಗ್ ಬಳಸಕೂಡದು, ಹಗುರ ಸ್ಪ್ರಿಂಗ್ ಹಾಕಬೇಕು ಇಲ್ಲವೇ ಸ್ಪ್ರಿಂಗ್ ತೆಗೆದು ಕೋಲು ಕೊಟ್ಟು ನಿಲ್ಲಿಸಬೇಕು, ಬಣ್ಣಕ್ಕೆ ಮುಂಚೆ ಕಾರಿನ ಮೇಲೆ ಕೂರಿಸಿ ನೋಡಬೇಕು ಎಂದು ದಪ್ಪಕ್ಷರದಲ್ಲಿದೆ. ಆ ಹಾಳೆ ಈಗ ನನ್ನ ಬಳಿ ಇದೆ, ಏಕೆಂದರೆ ಅದು ನನಗೆ ಸಿಕ್ಕಿದ್ದು ಕಾರಿನ ಡಿಕ್ಕಿಯಲ್ಲಿ, ಬಿಚ್ಚದ ಪ್ಲಾಸ್ಟಿಕ್ ಲಕೋಟೆಯೊಳಗೆ. ಕೆಲಸ ಮಾಡಿದವರು ಅದನ್ನು ತೆರೆದೂ ನೋಡಿಲ್ಲ.

ಕಾರು ಬಿಡಿಸಿಕೊಳ್ಳಲು ಬಂದ ದಿನ ನಡೆದದ್ದನ್ನು ನಾನು ಮರೆತಿಲ್ಲ. ಬಾನೆಟ್‌ನ ಹಿಂದಿನ ಮೂಲೆಗಳು ಪಕ್ಕದ ಫೆಂಡರಿಗಿಂತ (ಚಕ್ರದ ಮೇಲಿನ ತಗಡಿಗಿಂತ) ಸ್ವಲ್ಪ ಮೇಲೆ ನಿಂತಿದ್ದನ್ನು ನಾನೇ ತೋರಿಸಿದೆ. ನಿಮ್ಮ ಕೆಲಸಗಾರರು ಎಡ ಮೂಲೆಯ ಹತ್ತಿರ ಎರಡೂ ಅಂಗೈಯೂರಿ ಮೈಭಾರ ಬಿಟ್ಟು ಒತ್ತಿದರು. ಆಗ ಒಳಗಿನಿಂದ ‘ಟಕ್’ ಎಂದು ಒಂದು ಸದ್ದು ಬಂತು, ಒಣಗಿದ ಕಡ್ಡಿ ಮುರಿದ ಹಾಗೆ. ಏನದು ಎಂದು ಕೇಳಿದೆ. ಹೊಸ ಬಾನೆಟ್, ಕೂರುವಾಗ ಸದ್ದು ಮಾಡುತ್ತದೆ, ನಾಲ್ಕು ದಿನ ಓಡಿಸಿದರೆ ತಾನೇ ಸರಿಹೋಗುತ್ತದೆ ಎಂದರು. ಅವರು ಕೈ ತೆಗೆದ ಕೂಡಲೇ ಮೂಲೆ ಮತ್ತೆ ಮೇಲೆದ್ದಿತು. ಬಾನೆಟ್ ಬಿರಿದದ್ದು ನನ್ನ ಕೈಯಲ್ಲಿ ಎಂದು ಈಗ ಹೇಳುತ್ತಿದ್ದೀರಿ. ಮೊದಲ ಸದ್ದು ಬಂದದ್ದು ನಿಮ್ಮ ವರ್ಕ್‌ಶಾಪಿನೊಳಗೆ, ನಾನು ಇನ್ನೂ ಕೀಲಿಕೈ ಮುಟ್ಟುವ ಮೊದಲು.

ಆಗಸ್ಟ್ ತಿಂಗಳ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆಯಾದ ಡ್ರೀಮ್ ಕ್ರೂಸ್‌ಗೆ ಹೋಗಲೆಂದೇ ಈ ಕೆಲಸವನ್ನು ಜುಲೈಯಲ್ಲಿ ಮುಗಿಸಿಕೊಡಲು ಕೇಳಿದ್ದೆ. ಆ ದಿನ ಬೆಳಿಗ್ಗೆ ನೋವೈಯಿಂದ 696 ಹೆದ್ದಾರಿ ಹಿಡಿದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಗಂಟೆಗೆ 60 ಮೈಲಿ ದಾಟುತ್ತಿದ್ದಂತೆ ಬಾನೆಟ್‌ನ ಮುಂದಿನ ಅಂಚು ಅದುರತೊಡಗಿತು. ಗ್ರಿಲ್‌ನಿಂದ ನುಗ್ಗಿದ ಗಾಳಿ ಅದನ್ನು ಕೆಳಗಿನಿಂದ ತಳ್ಳುತ್ತಿತ್ತು, ಎಡ ಮೂಲೆ ಏಳುತ್ತಾ ಇಳಿಯುತ್ತಾ ಇದ್ದದ್ದು ಸ್ಟೀರಿಂಗ್ ಹಿಂದೆ ಕೂತ ನನ್ನ ಕಣ್ಣಿಗೇ ಕಾಣುತ್ತಿತ್ತು. ಆ ವೇಗದಲ್ಲಿ ಬಾನೆಟ್ ಕಿತ್ತು ಗಾಜಿಗೆ ಬಡಿದರೆ ಏನಾಗುತ್ತದೆ ಎಂಬುದು ನಿಮ್ಮ ವೃತ್ತಿಯಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವೇಗ ತಗ್ಗಿಸಿ, ಬಲಗಡೆಯ ಸಾಲಿಗೆ ಬಂದು, ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಒಂದು ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದೆ. ಅಲ್ಲಿಂದ ಕಾರು ಮನೆಗೆ ಬಂದದ್ದು ಟೋ ಟ್ರಕ್ ಮೇಲೆ.

ಮನೆಯಲ್ಲಿ ಬಾನೆಟ್ ತೆರೆದು ಟಾರ್ಚ್ ಹಿಡಿದು ನೋಡಿದೆ. ಎಡ ಹಿಂಜ್‌ನ ಮುಂದಿನ ಬೋಲ್ಟ್‌ನಿಂದ ಸ್ವಲ್ಪ ಈಚೆಗೆ, ಗಾಳಿಗೂಡಿನ ಕಡೆಗೆ ಓರೆಯಾಗಿ, ಒಂದು ಗೇಣುದ್ದದ ಬಿರುಕು ಇದೆ. ಮೇಲಿನ ಕಪ್ಪು ಬಣ್ಣದಲ್ಲಿ ಅದು ಕೂದಲೆಳೆಯಷ್ಟೇ ಕಾಣುತ್ತದೆ, ಒಳಮೈಯಲ್ಲಿ ಮಾತ್ರ ಬಿಳಿಯ ನಾರುಗಳು ಹಿಂಜಿಕೊಂಡು ಹೊರಬಂದಿವೆ, ಬೆರಳಾಡಿಸಿದರೆ ಚುಚ್ಚುತ್ತವೆ. ಬಲಗಡೆಯೂ ಅದೇ ಜಾಗದಲ್ಲಿ ಜೆಲ್ ಕೋಟ್ (ನಾರಿನ ಮೇಲಿನ ರೆಸಿನ್ ಹೊರಪದರ) ಜೇಡರ ಬಲೆಯಂತೆ ಒಡೆಯಲು ಶುರುವಾಗಿದೆ. ಜೋರಾಗಿ ಮುಚ್ಚಿದ್ದರಿಂದ ಒಡೆದಿದ್ದರೆ ಏಟು ಬಿದ್ದಿರಬೇಕಾದದ್ದು ಮುಂದಿನ ಅಂಚಿನಲ್ಲಿ, ಲಾಕ್ ಕೊಂಡಿಯ ಸುತ್ತ. ಅಲ್ಲಿ ಒಂದು ಗೀರು ಸಹ ಇಲ್ಲ. ಎರಡೂ ಹಿಂಜ್‌ಗಳ ಮುಂದೆ ಒಂದೇ ಬಗೆಯ ಬಿರುಕು ಮೂಡಬೇಕಾದರೆ ಎರಡೂ ಕಡೆ ಒಂದೇ ಬಗೆಯ ಬಲ ಎಳೆಯುತ್ತಿರಬೇಕು, ಆ ಬಲ ಆ ಎರಡು ಸ್ಪ್ರಿಂಗ್‌ಗಳದ್ದು. ಅಳತೆಪಟ್ಟಿ ಇಟ್ಟು ನೋಡಿದರೆ ಹಿಂದಿನ ಎಡ ಮೂಲೆ ಫೆಂಡರಿಗಿಂತ 9 ಮಿಲಿಮೀಟರ್, ಬಲ ಮೂಲೆ 7 ಮಿಲಿಮೀಟರ್ ಮೇಲಿದೆ. ಜೊತೆಗೆ, ಅಗಲವಾದ ವಾಷರ್ ಹಾಕದೆ ಬೋಲ್ಟನ್ನು ಬಿಗಿದಿರುವುದರಿಂದ ಅದರ ತಲೆ ಹಾಳೆಯೊಳಗೆ ಅದುಮಿಕೊಂಡಿದೆ. ಇವೆಲ್ಲದರ ಫೋಟೋಗಳನ್ನು ಲಗತ್ತಿಸಿದ್ದೇನೆ.

ಇನ್ನೆರಡು ಸಂಗತಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಮುಂದಿನ ಅಂಚಿಗೆ ಎರಡು ಪಿನ್ ಹಾಕಬೇಕೆಂದು ನಾನು ಕೇಳಿದ್ದೆ, ಅಂದಾಜು ಪಟ್ಟಿಯಲ್ಲೂ ಬರೆದಿದ್ದೀರಿ, ಹಾಕಿಲ್ಲ. ಹಾಕಿದ್ದರೆ ಹೆದ್ದಾರಿಯಲ್ಲಿ ಅಂಚು ಹಾಗೆ ಏಳುತ್ತಿರಲಿಲ್ಲ. ಎರಡನೆಯದಾಗಿ, ಗಾಳಿಗೂಡಿನ ಬುಡದಲ್ಲಿ ಬಣ್ಣ ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಏಳುತ್ತಿದೆ. ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣವನ್ನು ಒರೆಸದೆ, ಉಪ್ಪುಕಾಗದ ಹಾಕದೆ ಪ್ರೈಮರ್ ಹೊಡೆದರೆ ಹೀಗೆಯೇ ಆಗುವುದು.

ಆದ್ದರಿಂದ ನಾನು ಕೇಳುವುದಿಷ್ಟು. ಬಿರುಕು ಬಿಟ್ಟ ಬಾನೆಟ್ಟಿಗೆ ತೇಪೆ ಹಾಕಿಕೊಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಒಮ್ಮೆ ನಾರು ಹರಿದ ಜಾಗ ಹೆದ್ದಾರಿಯಲ್ಲಿ ನಂಬತಕ್ಕದ್ದಲ್ಲ. ನೀವೇ ಹೊಸ ಬಾನೆಟ್ ತರಿಸಿ, ಬಣ್ಣಕ್ಕೆ ಮುಂಚೆ ನನ್ನ ಎದುರಿಗೆ ಕಾರಿನ ಮೇಲೆ ಕೂರಿಸಿ, ಸುತ್ತಲಿನ ಸಂದು ಸಮನಾಗಿದೆಯೆಂದು ಇಬ್ಬರೂ ಅಳೆದು ನೋಡಿದ ಮೇಲೆ, ಹಗುರ ಸ್ಪ್ರಿಂಗ್ ಮತ್ತು ಪಿನ್‌ಗಳೊಂದಿಗೆ, ಹೆಚ್ಚಿನ ಹಣ ಪಡೆಯದೆ ಕೆಲಸ ಮುಗಿಸಿಕೊಡಬೇಕು. ಅದು ಆಗದಿದ್ದರೆ 2,340 ಡಾಲರನ್ನೂ ಟೋ ಟ್ರಕ್ಕಿಗೆ ಕೊಟ್ಟ 165 ಡಾಲರನ್ನೂ ಹಿಂತಿರುಗಿಸಬೇಕು, ರಸೀದಿಗಳು ಲಗತ್ತಿನಲ್ಲಿವೆ. ಈ ಪತ್ರ ತಲುಪಿದ 14 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ, ಮಿಷಿಗನ್ ರಾಜ್ಯದ 1974ರ ಮೋಟಾರು ವಾಹನ ಸೇವೆ ಮತ್ತು ದುರಸ್ತಿ ಕಾಯ್ದೆಯ ಅಡಿಯಲ್ಲಿ ವಾಹನ ದುರಸ್ತಿ ವರ್ಕ್‌ಶಾಪುಗಳ ಮೇಲೆ ನಿಗಾ ಇಡುವ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಇಲಾಖೆಗೆ ದೂರು ಕೊಡುತ್ತೇನೆ. ಆ ಹಂತಕ್ಕೆ ಹೋಗುವ ಇಷ್ಟ ನನಗಿಲ್ಲ. ನೀವು ಈ ಹಿಂದೆ ಇದೇ ಕಾರಿನ ಫೆಂಡರಿಗೆ ಮಾಡಿಕೊಟ್ಟ ಡೆಂಟಿಂಗ್ ಕೆಲಸವನ್ನು ಕಂಡು ನಾನೇ ನಾಲ್ಕು ಜನ ಗೆಳೆಯರನ್ನು ನಿಮ್ಮಲ್ಲಿಗೆ ಕಳಿಸಿದ್ದೆ.

ಕಡೆಯದಾಗಿ, ಇದನ್ನು ತುರ್ತಾಗಿ ಪರಿಗಣಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕಳಚಿದ ಉಕ್ಕಿನ ಬಾನೆಟ್ ಇನ್ನೂ ನಿಮ್ಮ ವರ್ಕ್‌ಶಾಪಿನ ಹಿಂಗೋಡೆಗೆ ಒರಗಿಕೊಂಡಿದೆ. ಅದು ಈ ಕಾರಿನ ಜೊತೆಯಲ್ಲೇ ಹ್ಯಾಮ್‌ಟ್ರಾಮಿಕ್‌ನಿಂದ ಹೊರಬಂದದ್ದು, ಅಂಥ ಇನ್ನೊಂದನ್ನು ನಾನು ದುಡ್ಡು ಕೊಟ್ಟು ತರಲಾರೆ. ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ, ಬೇರೆಯವರಿಗೆ ಕೊಡಬೇಡಿ, ಮಳೆಗೆ ನೆನೆಯಲು ಬಿಡಬೇಡಿ. ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಗೆಳೆಯರೊಬ್ಬರ ಪಿಕಪ್‌ನಲ್ಲಿ ಕಂಬಳಿ ಹಾಸಿಕೊಂಡು ಬಂದು ಅದನ್ನು ತೆಗೆದುಕೊಂಡು ಹೋಗುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಾರಿನ ಮಾಲೀಕ

ಲಗತ್ತುಗಳು: ಹಣ ಪಾವತಿಯ ರಸೀದಿ, ಅಂದಾಜು ಪಟ್ಟಿ, ಟೋ ಟ್ರಕ್ ರಸೀದಿ, ಸೂಚನಾ ಹಾಳೆಯ ಪ್ರತಿ, ಹನ್ನೊಂದು ಫೋಟೋಗಳು, ಪತ್ರದ ಇಂಗ್ಲಿಷ್ ಪ್ರತಿ.